ಕಾರಿನ ಕೆಳಗಿನ ಅವ್ವ

"ಹದಿನಾಲ್ಕ ನಂಬರ್ ಪಾನಾ ಕೊಡ ಮಯೂ! ಲಗೂನ!"

ಕಾರಿನ ಕೆಳಗಿನಿಂದ ಅವ್ವನ ದನಿ ಬಂತು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ, ಅಪ್ಪನ ಹಳೆಯ ಪ್ಯಾಂಟು, ಅಷ್ಟೇ. ಅವ್ವ ಪ್ಯಾಂಟು ಹಾಕಿಕೊಂಡದ್ದನ್ನು ಮಯೂರಿ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಯೂರಿ ಸ್ಪ್ಯಾನರುಗಳ ಡಬ್ಬಿಯೊಳಗೆ ಕೈಯಾಡಿಸಿ ಒಂದು ಪಾನಾ ತೆಗೆದು ಕೊಟ್ಟಳು.

"ಇದು ಹನ್ನೆರಡು," ಎಂದಳು ಅವ್ವ.

"ಪಾನಾದ ಮ್ಯಾಲ ನಂಬರ್ ಬರದಿರತೈತಿ, ನೋಡಿ ಕೊಡವಾ," ಎಂದ ಅಪ್ಪ.

ಅಪ್ಪ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದ. ಅವನ ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಒಳಗೆ ತುರಿಕೆ ಬಂದಾಗಲೆಲ್ಲ ಅವ್ವನ ಹೊಲಿಗೆ ಸ್ಕೇಲನ್ನು ಮೆಲ್ಲಗೆ ತೂರಿಸಿ ಕೆರೆದುಕೊಳ್ಳುತ್ತಿದ್ದ.

ಅಪ್ಪನ ಹೆಸರು ರಾಜಾರಾಮ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕೆಲಸ ಮಾಡುತ್ತಿದ್ದ. ಆರು ವಾರದ ಹಿಂದೆ ಬೈಕಿಗೆ ನಾಯಿ ಅಡ್ಡ ಬಂದು ಬಿದ್ದು ಕಾಲು ಮುರಿದುಕೊಂಡಿದ್ದ. ನಾಳೆ ಸೋಮವಾರ ಮಿರಜದ ದವಾಖಾನೆಯಲ್ಲಿ ಪ್ಲಾಸ್ಟರ್ ಬಿಚ್ಚುತ್ತಾರೆ. ಆ ಡಾಕ್ಟರು ಸಿಗುವುದು ಸೋಮವಾರ ಮಾತ್ರ. ಮಡಚಲಾಗದ ಕಾಲನ್ನು ಇಟ್ಟುಕೊಂಡು ಬಸ್ಸಿನಲ್ಲಿ ಹೋಗುವುದು ಸಾಧ್ಯವಿರಲಿಲ್ಲ.

ಸರಿಯಾಗಿ ಈ ಹೊತ್ತಿಗೇ ಮನೆಯ ಹಳೆಯ ಕಾರಿನ ಕ್ಲಚ್ಚು ಹೋಗಿತ್ತು. ಇಂಜಿನ್ ಗೊರ್ ಅನ್ನುತ್ತಿತ್ತು, ಕಾರು ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು. ಅಥಣಿಯ ಫಿಟ್ಟರಿಗೆ ಫೋನು ಮಾಡಿದರೆ, "ಕಬ್ಬಿನ ಸೀಸನ್ ಐತ್ರಿ, ಟ್ರ್ಯಾಕ್ಟರ್ ಸಾಲಾಗಿ ನಿಂತಾವ. ಎಂಟ ದಿನ ಬಿಟ್ಟ ಬರ್ತೀನಿ," ಎಂದಿದ್ದ. ಬಾಡಿಗೆ ಗಾಡಿಗಳೆಲ್ಲ ಲಗ್ನಕ್ಕೆ ಹೋಗಿದ್ದವು.

"ಕ್ಲಚ್ ಪ್ಲೇಟ್ ತಂದ್ರ ನಾನ ಹಾಕ್ತಿದ್ನಿ. ಆದ್ರ ಈ ಕಾಲ..." ಎಂದು ಅಪ್ಪ ಪೇಚಾಡಿದ್ದ. ಸಣ್ಣಪುಟ್ಟ ರಿಪೇರಿ ಅವನೇ ಮಾಡುತ್ತಿದ್ದ. ಕ್ಲಚ್ಚಿನ ಕೆಲಸ ಮಾತ್ರ ಅವನೂ ಮಾಡಿರಲಿಲ್ಲ.

"ನೀವು ಹೇಳ್ರಿ, ನಾ ಮಾಡ್ತೀನಿ," ಎಂದಿದ್ದಳು ಅವ್ವ.

ಅವ್ವ ಶೇವಂತಾ ಓಣಿಯವರಿಗೆಲ್ಲ ಬ್ಲೌಜು ಹೊಲಿದು ಕೊಡುವವಳು. ಕಾರು ಓಡಿಸುವುದನ್ನು ಹೋದ ವರ್ಷವಷ್ಟೇ ಕಲಿತಿದ್ದಳು. ಅಪ್ಪ ನಕ್ಕ.

"ಯಾಕ ನಗ್ತೀರಿ? ಹೊಲಿಗಿ ಮಷೀನ್ ಪೂರಾ ಬಿಚ್ಚಿ ಕೂಡಸ್ತೀನೋ ಇಲ್ಲೋ? ಇದು ಜರಾ ದೊಡ್ಡ ಮಷೀನ್."

ಶನಿವಾರ ಬಸ್ಸಿನಲ್ಲಿ ಅಥಣಿಗೆ ಹೋಗಿ ಹೊಸ ಕ್ಲಚ್ ಪ್ಲೇಟು ತಂದಳು. ಆ ರಾತ್ರಿ ಮೊಬೈಲಿನಲ್ಲಿ ಒಂದೇ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ಐದು ಸಲ ನೋಡಿದಳು. ಭಾನುವಾರ ಬೆಳಗಾಗುತ್ತಲೇ ಪಕ್ಕದ ತೋಟದ ಜಿನ್ನಪ್ಪ ಕಾಕಾನಿಂದ ದೊಡ್ಡ ಜಾಕು ತಂದು ಕಾರು ಎತ್ತಿಸಿದಳು. ನಾಲ್ಕೂ ಕಡೆ ಕಟ್ಟಿಗೆಯ ದಪ್ಪ ದಿಮ್ಮಿ ಇಟ್ಟು, ಕಾರನ್ನು ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಸೇರಿದಳು.

ಮಯೂರಿಯ ಕೆಲಸ ಬೋಲ್ಟು ಕಾಯುವುದು. ಬಿಚ್ಚಿದ ಬೋಲ್ಟುಗಳನ್ನು ದೊಡ್ಡ ಪರಾತದಲ್ಲಿ ಸಾಲಾಗಿ ಇಟ್ಟು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದೊಂದರ ಮುಂದೆ ನಂಬರ್ ಬರೆದಿದ್ದಳು. ಗೇರ್‌ಬಾಕ್ಸ್ ಹಿಡಿಯುವ ಬೋಲ್ಟುಗಳು ಏಳು. ಕೆಲವು ಉದ್ದ, ಕೆಲವು ಗಿಡ್ಡ.

ಹನ್ನೊಂದು ಗಂಟೆಗೆ ಜಿನ್ನಪ್ಪ ಕಾಕಾ ಬಂದು ಕೈಹಚ್ಚಿದ. ಗೇರ್‌ಬಾಕ್ಸ್ ಜಾಕಿನ ಮೇಲೆ ಕುಳಿತು ಕೆಳಗಿಳಿಯಿತು. ಅದರ ಹಿಂದಿನಿಂದ ಸವೆದು ಕಪ್ಪಾಗಿದ್ದ ಹಳೆಯ ಪ್ಲೇಟು ಹೊರಗೆ ಬಂತು.

"ಇಷ್ಟ ತಾಟಿಗೆ ಇಷ್ಟ ಗದ್ದಲಾ?" ಎಂದಳು ಮಯೂರಿ.

"ಇಂಜಿನ್ ತಿರಗತಿರತೈತಿ. ಅದನ್ನ ಗಾಲಿಗೆ ಹಿಡಿಸೋದು, ಬೇಕಾದಾಗ ಬಿಡಿಸೋದು, ಎಲ್ಲಾ ಈ ತಾಟಿನ ಕೆಲಸ," ಎಂದ ಅಪ್ಪ.

ಹೊಸ ಪ್ಲೇಟು ನಟ್ಟನಡುವೆ ಕೂಡಬೇಕು. ಒಂದು ಕೂದಲೆಳೆ ಸರಿದರೂ ಗೇರ್‌ಬಾಕ್ಸ್ ಒಳಗೆ ಹೋಗುವುದಿಲ್ಲ. ನಡುವೆ ಹಿಡಿಸಲು ಫಿಟ್ಟರನ ಹತ್ತಿರ ಒಂದು ಕೋಲು ಇರುತ್ತದಂತೆ. ಅವ್ವ ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದಳು. ಅದರ ಹಿಡಿಗೆ ಟೇಪು ಸುತ್ತಿ, ಅಳತೆ ನೋಡಿ, ಇನ್ನೊಂದು ಸುತ್ತು ಸುತ್ತಿ, ಪ್ಲೇಟಿನ ತೂತಿನಲ್ಲಿ ತೂರಿಸಿದಳು. ಸರಿಯಾಗಿ ಕೂತಿತು.

"ತಂಗಿ, ನಿನಗ ಕಾರ್ಖಾನ್ಯಾಗ ಕೆಲಸ ಕೊಡಬೇಕ ನೋಡ!" ಎಂದ ಜಿನ್ನಪ್ಪ ಕಾಕಾ.

ಗೇರ್‌ಬಾಕ್ಸ್ ಮತ್ತೆ ಮೇಲೇರಿಸುವಾಗ ಮೂರು ಸಲ ಸಿಕ್ಕಿಕೊಂಡಿತು. ನಾಲ್ಕನೇ ಸಲ ಅವ್ವ ಮಲಗಿದಲ್ಲೇ ಕಾಲಿನಿಂದ ಒತ್ತಿ, ಕೈಯಿಂದ ಅಲ್ಲಾಡಿಸಿದಳು. ಟಕ್ ಎಂದಿತು. ಜಿನ್ನಪ್ಪ ಕಾಕಾ ನಿಟ್ಟುಸಿರು ಬಿಟ್ಟು, ಜಾಕನ್ನು ಹಾಗೆಯೇ ಗೇರ್‌ಬಾಕ್ಸಿಗೆ ಆನಿಸಿಟ್ಟು, ದ್ರಾಕ್ಷಿಗೆ ಔಷಧ ಹೊಡೆಯಲು ತೋಟಕ್ಕೆ ಹೋದ. ಇನ್ನು ಉಳಿದದ್ದು ಬೋಲ್ಟು ಬಿಗಿಯುವುದು.

ಆಗಲೇ ಸುರಜ, ಲಖನ ಸೈಕಲ್ಲಿನ ಮೇಲೆ ಬಂದರು. ಇಬ್ಬರೂ ಮಯೂರಿಯ ಕ್ಲಾಸಿನವರು. ಗೇಟಿನ ಹತ್ತಿರ ಬ್ರೇಕ್ ಹಾಕಿದರು.

"ಏ ಮಯೂರಿ, ಕಾರ್ ಬಿಚ್ಚಾಕತ್ತಾರೇನ? ಯಾರವರು?" ಎಂದ ಸುರಜ.

ಮಯೂರಿ ಕಾರಿನ ಕಡೆ ನೋಡಿದಳು. ಎರಡು ಪಾದ. ಮೊಣಕಾಲಿನ ಹತ್ತಿರ ಹರಿದ ಪ್ಯಾಂಟು. ಅವಳ ಕಿವಿ ಬಿಸಿಯಾಯಿತು.

"ಫಿಟ್ಟರ್," ಎಂದಳು. "ಅಥಣಿಯಿಂದ ಬಂದಾನ."

ಲಖನ ಬಗ್ಗಿ ನೋಡಿದ. "ಲೇ, ಫಿಟ್ಟರ್ ಕಾಲುಂಗರಾ ಹಾಕ್ಯಾನಲೇ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈಕಲ್ ಹತ್ತಿ ಹೋದ ಮೇಲೂ ಓಣಿಯ ಕೊನೆಯವರೆಗೆ ನಗು ಕೇಳುತ್ತಿತ್ತು. ಮಯೂರಿ ಹಿಂದಕ್ಕೆ ಸರಿದಳು. ಕಾಲು ಪರಾತಕ್ಕೆ ಬಡಿಯಿತು. ಝಣ್ ಎಂದು ಪರಾತ ಮಗುಚಿ ಬೋಲ್ಟುಗಳೆಲ್ಲ ಮಣ್ಣಿನಲ್ಲಿ ಚೆಲ್ಲಿದವು.

ಕಾರಿನ ಕೆಳಗಿನಿಂದ ಅವ್ವನ ದನಿ ಬಂತು. ಸಿಟ್ಟಿನ ದನಿಯಲ್ಲ.

"ಮಯೂ, ಅಥಣಿಯಿಂದ ಬಂದ ಫಿಟ್ಟರಿಗೆ ಒಂದ ಕಪ್ ಚಾ ಕೊಡಂಗಿಲ್ಲೇನ?"

ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಮಯೂರಿಗೆ. ಅವಳು ಒಳಗೆ ಓಡಿದಳು. ಸ್ಟೋವಿನ ಮುಂದೆ ನಿಂತು, ಚಹಾ ಕುದಿಯುವವರೆಗೂ ಫ್ರಾಕಿನ ತೋಳಿನಿಂದ ಕಣ್ಣು ಒರೆಸಿಕೊಂಡಳು.

ಚಹಾ ತಂದಾಗ ಅವ್ವ ಹೊರಗೆ ಬಂದು ಮಣ್ಣಿನಲ್ಲಿ ಕುಳಿತಿದ್ದಳು. ಕೆನ್ನೆಗೆ ಎಣ್ಣೆ, ಕೂದಲಿಗೆ ಮಣ್ಣು. ಅಂಗೈ ಮೇಲೆ ಏಳು ಬೋಲ್ಟು. ಅಪ್ಪನ ಮುಖ ಸಣ್ಣದಾಗಿತ್ತು.

"ಯಾವುದು ಎಲ್ಲಿಂದು ಅಂತ ಗೊತ್ತಾಗದಿದ್ರ ಬಿಗೀಬ್ಯಾಡ ಶೇವಂತಾ. ಉದ್ದ ಬೋಲ್ಟ್ ಸಣ್ಣ ತೂತಿನ್ಯಾಗ ಹಾಕಿ ಬಿಗದ್ರ ಗೇರ್‌ಬಾಕ್ಸ್ ಸೀಳತೈತಿ. ಹೋಗ್ಲಿ, ಮುಂದಿನ ಸೋಮವಾರ ಹೋದ್ರಾತು."

ಹಾಗೆ ಹೇಳುತ್ತ ಅವನು ಸ್ಕೇಲನ್ನು ಪಕ್ಕಕ್ಕಿಟ್ಟ. ಇನ್ನೊಂದು ವಾರ ಈ ಕಾಲು ಹೊತ್ತು ಕೂರಬೇಕಲ್ಲ ಎಂಬುದು ಮುಖದ ಮೇಲೆಯೇ ಕಾಣುತ್ತಿತ್ತು.

ಮಯೂರಿ ಚಹಾದ ಕಪ್ಪು ಅವ್ವನ ಕೈಗೆ ಕೊಟ್ಟಳು. ಬೋಲ್ಟುಗಳನ್ನೇ ನೋಡುತ್ತ ನಿಂತಳು. ಕಾಟಾದ ಮೇಲಿನ ಗಾಡಿಗಳ ಹಾಗೆ ಒಂದೊಂದೂ ಒಂದೊಂದು ಅಳತೆ. ಅಳತೆ...

"ಅವ್ವಾ, ತೂತು ಎಷ್ಟ ಆಳ ಐತಿ ಅಂತ ಅಳದ್ರ?"

"ಸ್ಕೇಲ್ ಹೋಗಂಗಿಲ್ಲ ಮಯೂ ಅದರಾಗ."

ಮಯೂರಿ ಓಡಿಹೋಗಿ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ತಂದಳು. "ಇದು ಹೋಗತೈತಿ. ತಳಾ ಮುಟ್ಟಿದ ಮ್ಯಾಲ ಉಗುರಿಲೆ ಹಿಡಕೊಂಡು ಹೊರಗ ತಗೀ. ಅಷ್ಟ ಉದ್ದ ಇದ್ದ ಬೋಲ್ಟ ಅದರದು."

ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಅವ್ವನನ್ನು ನೋಡಿದ.

"ಬೋಲ್ಟ್ ತಳಾ ಮುಟ್ಟಬಾರದು, ಕಡ್ಡಿಗಿಂತ ಜರಾ ಗಿಡ್ಡ ಇದ್ದದ್ದ ಹಾಕ್ರಿ," ಎಂದ ಅಪ್ಪ. ಅವನ ದನಿ ಈಗ ಬೇರೆಯಾಗಿತ್ತು.

ಅವ್ವ ಅರ್ಧ ಚಹಾ ಬಿಟ್ಟು ಮತ್ತೆ ಕೆಳಗೆ ಸೇರಿದಳು. ಕಡ್ಡಿ ತೂತಿಗೆ ಇಳಿಸಿ ಹೊರಗೆ ಚಾಚುತ್ತಿದ್ದಳು. ಮಯೂರಿ ಅದನ್ನು ಬೋಲ್ಟುಗಳ ಪಕ್ಕ ಹಿಡಿದು, ಮಣ್ಣು ಒರೆಸಿ, ಸರಿಯಾದದ್ದನ್ನು ಕೊಡುತ್ತಿದ್ದಳು. ಒಂದು, ಎರಡು, ಮೂರು. ಆರನೆಯದಕ್ಕೆ ಇಬ್ಬರಿಗೂ ಅನುಮಾನ ಬಂತು. ಇನ್ನೊಮ್ಮೆ ಅಳೆದರು. ಏಳನೆಯದು ತಾನಾಗಿಯೇ ಸಿಕ್ಕಿತು.

ಉಳಿದ ಭಾಗಗಳನ್ನೆಲ್ಲ ಜೋಡಿಸಿ, ಎಣ್ಣೆ ತುಂಬಿ, ದಿಮ್ಮಿ ತೆಗೆಯುವ ಹೊತ್ತಿಗೆ ಹೊತ್ತು ಇಳಿದಿತ್ತು. ಅವ್ವ ಸೀಟಿನ ಮೇಲೆ ಕುಳಿತು ಚಾವಿ ತಿರುಗಿಸಿದಳು. ಕ್ಲಚ್ ಒತ್ತಿ ಗೇರು ಹಾಕಿ, ಕಾಲನ್ನು ಮೆಲ್ಲಗೆ ಬಿಟ್ಟಳು. ಕಾರು ಒಮ್ಮೆ ಜಗ್ಗಿತು. ಆಮೇಲೆ ಬೇವಿನ ಮರವನ್ನು ದಾಟಿ, ಗೇಟು ದಾಟಿ ರಸ್ತೆಗೆ ಬಂತು.

"ಹಿಡೀತು! ಹಿಡೀತು!" ಎಂದು ಅಪ್ಪ ಕೂಗಿದ. ಎದ್ದು ನಿಲ್ಲಲು ಹೋಗಿ ಮತ್ತೆ ಹೊರಸಿನ ಮೇಲೆ ದೊಪ್ಪನೆ ಕುಳಿತ.

ಮರುದಿನ ಬೆಳಿಗ್ಗೆ ಅವ್ವ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಳು. ಕಾಗವಾಡ ದಾಟುವವರೆಗೂ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ನಿಲ್ಲು, ಹೊರಡು, ನಿಲ್ಲು, ಹೊರಡು. ಪ್ರತಿ ಸಲ ಕಾರು ಹೊರಡುವಾಗಲೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದ ಅಪ್ಪ, "ಭಾರೀ ಐತಿ," ಎನ್ನುತ್ತಿದ್ದ.

ದವಾಖಾನೆಯಲ್ಲಿ ಸಣ್ಣ ಮಷೀನಿನಿಂದ ಪ್ಲಾಸ್ಟರ್ ಕೊಯ್ದರು. ಒಳಗಿನ ಕಾಲು ಸುಲಿದ ಕಬ್ಬಿನ ಹಾಗೆ ಸಣ್ಣಗೆ, ಬೆಳ್ಳಗೆ ಇತ್ತು. ಅಪ್ಪ ಅವ್ವನ ಹೆಗಲು ಹಿಡಿದು ಎದ್ದು ನಿಂತ. ಎರಡು ಹೆಜ್ಜೆ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು.

"ನಿನ್ನಿಂದ ಇವತ್ತ ನಿಂತ್ನಿ ಶೇವಂತಾ."

"ಸಾಕ ಬಿಡ್ರಿ, ಮುಂದ ಹೆಜ್ಜಿ ಹಾಕ್ರಿ."

ಔಷಧದ ಚೀಟಿ ಕೊಡಲು ಬಂದ ನರ್ಸು ಅವ್ವನ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಬೆರಳಿನ ಗೆಣ್ಣುಗಳ ಮೇಲೆ ತರಚು ಗಾಯ. "ಕೈಗೆ ಏನಾತ್ರಿ?" ಎಂದಳು.

"ಏನಿಲ್ಲ ಬಿಡ್ರಿ," ಎಂದು ಅವ್ವ ಚೀಟಿ ಇಸಿದುಕೊಂಡು ಕೈಯನ್ನು ಸೆರಗಿನೊಳಗೆ ಮರೆಮಾಡಿದಳು.

ಮಯೂರಿ ಅದನ್ನು ನೋಡಿದಳು. ಅವ್ವನನ್ನು ಎಳೆದುಕೊಂಡು ನಳದ ಹತ್ತಿರ ಹೋದಳು. ಸಾಬೂನು ಹಚ್ಚಿ ಒಂದೊಂದೇ ಬೆರಳು ತಿಕ್ಕಿದಳು. ಗಾಯದ ಹತ್ತಿರ ಬಂದಾಗ ಮೆಲ್ಲಗೆ ತಿಕ್ಕಿದಳು. ನೀರು ಕಪ್ಪಾಗಿ ಹರಿಯಿತು.

"ಅದು ಪೂರಾ ಹೋಗಂಗಿಲ್ಲ ಮಯೂ. ನಾಕ ದಿನಾ ಇರತೈತಿ."

"ಇರಲಿ," ಎಂದಳು ಮಯೂರಿ.

ಫ್ರಾಕಿನ ಅಂಚಿನಿಂದ ಆ ಕೈ ಒರೆಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಕುಳಿತಿದ್ದ ಬೆಂಚು ದೂರವಿತ್ತು. ನಡುವೆ ಜನವೋ ಜನ. ಅವ್ವನ ಕೈ ಒಮ್ಮೆ ಸೆರಗಿನ ಕಡೆ ಸರಿಯಿತು. ಮಯೂರಿ ಬಿಡಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದು, ಎಲ್ಲರ ಮುಂದೆ ಅವ್ವನ ಜೊತೆ ನಿಧಾನವಾಗಿ ನಡೆದಳು.