ಅಕ್ಕನ ಟ್ಯೂನು

ಹೇಳಿಕೊಳ್ಳಲು ನಾಚಿಕೆಯಾಗಿ ಈ ಸಂಗತಿಯನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆ. ಇಪ್ಪತ್ತು ವರ್ಷಗಳಲ್ಲಿ ನನ್ನ ಏಳು ಜಾಝ್ ಆಲ್ಬಂಗಳು ಬಂದಿವೆ. ಆದರೆ ನನಗೆ ಹೆಸರು ತಂದುಕೊಟ್ಟ ಮೊದಲ ಟ್ಯೂನು ನನ್ನದಲ್ಲ. ಅದು ಬಟ್ಟೆ ಮಡಚುತ್ತಾ ಅಕ್ಕ ಗುನುಗುತ್ತಿದ್ದದ್ದು. ಆಲ್ಬಂ ಕೈಗೆ ಕೊಟ್ಟಾಗ ಅವಳು ತಿರುಗಿಸಿ ನೋಡಿ, "ಎಲ್ಲಾ ನಿನ್ನ ಹೆಸರೇ ಏನೇ?" ಎಂದು ನಕ್ಕಿದ್ದಳು. ಈಗ ಅವಳಿಲ್ಲ.

ಕಳೆದ ವರ್ಷ ಅದೇ ಟ್ಯೂನನ್ನು ಮತ್ತೆ ರೆಕಾರ್ಡ್ ಮಾಡಲು ಸ್ಟುಡಿಯೋದಲ್ಲಿ ಪಿಯಾನೋ ಮುಂದೆ ಕೂತೆ. ಮಟಮಟ ಮಧ್ಯಾಹ್ನ, ಮುಚ್ಚಿದ ಕೋಣೆಯಲ್ಲಿ ನಾನೊಬ್ಬಳೇ. ಗಾಜಿನಾಚೆಯಿಂದ ಸೌಂಡ್ ಎಂಜಿನಿಯರ್, "ಮೇಡಂ, ನುಡಿಸುವಾಗ ಗುನುಗಬೇಡಿ" ಎಂದ. ನಾನು ತುಟಿಯನ್ನೇ ಬಿಚ್ಚಿರಲಿಲ್ಲ. ಅವನು ರೆಕಾರ್ಡ್ ಆದದ್ದನ್ನು ಹಾಕಿ ಕೇಳಿಸಿದ. ಹೆಣ್ಣುದನಿ. ಆ ಕ್ಷಣಕ್ಕೆ ಹೊಳೆದು ನಾನು ನುಡಿಸಿದ ಸ್ವರಗಳನ್ನೂ ಅದು ನನ್ನ ಬೆರಳಿಗಿಂತ ಚೂರು ಮೊದಲೇ ಗುನುಗುತ್ತಿತ್ತು. ಐದು ಟೇಕಿನಲ್ಲೂ ಇದೇ ಕಥೆ. ಪಕ್ಕದ ಖಾಲಿ ಕುರ್ಚಿಯನ್ನು ಮುಟ್ಟಿದರೆ ಬೆಚ್ಚಗಿತ್ತು.

ಆರನೆಯದಕ್ಕೆ ಮೊದಲು ಮೈಕಿನ ಮುಂದೆ, "ಇದು ನಮ್ಮಕ್ಕನ ಟ್ಯೂನು" ಎಂದೆ. ಆ ಟೇಕಿನಲ್ಲಿ ಗುನುಗು ಇರಲಿಲ್ಲ. ಇಬ್ಬರೂ ಎರಡೆರಡು ಸಲ ಕೇಳಿದೆವು.

"ಇದನ್ನೇ ಇಟ್ಕೊಳ್ಳೋಣ ಮೇಡಂ. ಶುರುವಿನ ಮಾತು ತೆಗೆದುಬಿಡ್ಲಾ?"

ಬೇಡ ಅನ್ನಲು ಬಾಯಿ ಬರಲಿಲ್ಲ. "ತೆಗೆದುಬಿಡಪ್ಪಾ" ಎಂದೆ.

ಆಲ್ಬಂ ಬಂದಿದೆ, ನನ್ನ ಹೆಸರಿನಲ್ಲೇ. ಆರನೇ ಟೇಕೇ ಅದು, ಆದರೆ ಅದರಲ್ಲಿ ಗುನುಗು ಇದೆ. ಪಿಯಾನೋ ನಿಂತ ಮೇಲೂ ಎರಡು ಸಾಲು ಮುಂದುವರಿಯುತ್ತದೆ. ಆ ಎರಡು ಸಾಲು ನನಗೆ ಗೊತ್ತಿಲ್ಲ.