ಕಂಪ್ರೆಸರ್ ನಿಲ್ಲಿಸಿದವಳು

“ಬೆಂಕಿಗೆ ಗಾಳಿ ಹಾಕಿದ್ರೆ ಜಾಸ್ತಿ ಉರಿಯಲ್ವಾ?” ಎಂದು ಅವಳು ಕೇಳಿದಾಗ ಫಿಟ್ಟರ್ ನಗಲಿಲ್ಲ. ಲೇಸರ್ ಮೆಷಿನ್ನಿನೊಳಗೆ ತಲೆ ತೂರಿಸಿಕೊಂಡೇ, “ಇದು ಒಲೆ ಊದೋ ಗಾಳಿ ಅಲ್ಲ. ಲೇಸರ್ ಸುಡೋ ಜಾಗಕ್ಕೇ ಜೋರಾಗಿ ಬಡಿಯುತ್ತೆ. ಹೊಗೆ ಲೆನ್ಸಿಗೆ ಹತ್ತಲ್ಲ, ಬೆಂಕಿ ತಲೆ ಎತ್ತಲ್ಲ,” ಎಂದ.

ಪೈಪು ಮಾರೋಕೆ ಹೆದರಿಸ್ತಿದ್ದಾನೆ ಅಂತಲೇ ಅವಳು ಅಂದುಕೊಂಡಳು. ಮರದ ಹಲಗೆಯಲ್ಲಿ ಹೆಸರು, ಹೂವು ಕೆತ್ತಿಕೊಡುವುದು ಅವಳ ಕೆಲಸ. ಅಕ್ಕನ ಮನೆಯ ಮಹಡಿಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಕೋಣೆಯಲ್ಲಿ ಅಕ್ಕನ ಮಗು ಮಲಗುತ್ತಿತ್ತು. ಆ ಕೋಣೆಯಿಂದ ಹೊರಗೆ ಬರಲು ಮೆಷಿನ್ ದಾಟಿಯೇ ಬರಬೇಕು. ಫಿಟ್ಟರ್ ಮೊದಲು ಗಮನಿಸಿದ್ದೇ ಅದನ್ನು.

ಬಾಲ್ಕನಿಯಲ್ಲಿಟ್ಟ, ಗಾಳಿ ಒತ್ತಿ ಕಳಿಸುವ ಕಂಪ್ರೆಸರಿನಿಂದ ಗೋಡೆಗುಂಟ ಪೈಪು ಎಳೆದು, ನಡುವೆ ಗಾಳಿಯಲ್ಲಿನ ನೀರು ಹಿಡಿಯುವ ಫಿಲ್ಟರ್ ಕೂರಿಸಿ, ತುದಿಯನ್ನು ಲೇಸರಿನ ಮೂತಿಗೆ ಸಿಕ್ಕಿಸಿದ.

“ಬೆರಳು ಹಿಡೀರಿ. ಗಾಳಿ ಬರ್ತಿದೆಯಾ?”

ಬರುತ್ತಿತ್ತು. ಆದರೆ ಅವಳ ಗಮನವೆಲ್ಲ ಅವನ ರೆಪ್ಪೆಯ ಮೇಲೆ ಕೂತಿದ್ದ ಮರದ ಪುಡಿಯ ಮೇಲಿತ್ತು. ಅವನು ಕಣ್ಣೆತ್ತಿದ. ಅವಳು ತಡವಾಗಿ ಕಣ್ಣು ತಗ್ಗಿಸಿದಳು.

“ಕಟಿಂಗ್ ನಡೀವಾಗ ಯಾವ ಕಾರಣಕ್ಕೂ ಇದನ್ನ ನಿಲ್ಲಿಸಬೇಡಿ.”

“ಆಣೆ ಮಾಡ್ಬೇಕಾ?”

“ಮಾಡಿ. ಸುಟ್ಟುಹೋದ ಅಂಗಡಿ ನಾನು ನೋಡಿದೀನಿ.”

ತಮಾಷೆಗೆಂದೇ ಆಣೆ ಮಾಡಿಬಿಟ್ಟಳು ಹುಡುಗಿ.

ಆಮೇಲೆ ಅವನು ದಿನಾ ಸಂಜೆ ಬರತೊಡಗಿದ, ಫಿಲ್ಟರಿನ ನೀರು ಬಸಿಯಲಂತೆ! ಅಷ್ಟು ಸಣ್ಣ ತಿರುಪು ತಿರುಗಿಸಲು ಅವಳಿಗೆ ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು. ಅವನಿಗೂ ಅದು ಗೊತ್ತಿತ್ತು.

ತೊಂದರೆಯೆಂದರೆ ಕಂಪ್ರೆಸರಿನ ಗಲಾಟೆ. ಅವನು ಮೆಟ್ಟಿಲು ಹತ್ತುವುದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಮುಖಕ್ಕೆ ಮಸಿ ಮೆತ್ತಿಕೊಂಡು ನಿಂತಿರುವಾಗಲೇ ಬಾಗಿಲಲ್ಲಿ ಪ್ರತ್ಯಕ್ಷ! ಅದಕ್ಕೇ ಅವನು ಬರುವ ಹೊತ್ತಿಗೆ ಕಂಪ್ರೆಸರ್ ಆಫ್ ಮಾಡತೊಡಗಿದಳು. ಲೇಸರ್ ಮಾತ್ರ ಕೊರೆಯುತ್ತಲೇ ಇರುತ್ತಿತ್ತು. ಮೊದಲ ದಿನ ಏನೂ ಆಗಲಿಲ್ಲ. ಮರುದಿನವೂ ಏನೂ ಆಗಲಿಲ್ಲ. ಆಗದೆ ಇದ್ದದ್ದೇ ಕೇಡಾಯಿತು ನೋಡಿ.

ಆ ಸಂಜೆ ತೆಳು ಪ್ಲೈವುಡ್ ಕಟಿಂಗಿಗೆ ಹಾಕಿದ್ದಳು. ಮಗು ಒಳಗೆ ಮಲಗಿತ್ತು. ಕಂಪ್ರೆಸರ್ ನಿಲ್ಲಿಸಿ ಕಿವಿಗೊಟ್ಟಳು. ಕೆಳಗೆ ಗೇಟು ಕಿರುಗುಟ್ಟಿತು. ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ಗಾಜಿನಲ್ಲಿ ಕೇಸರಿ ಬೆಳಕು ಆಡಿತು. ಸಂಜೆಯ ಬಿಸಿಲು ಅಂದುಕೊಂಡಳು.

ಬಿಸಿಲಿಗೆ ವಾಸನೆ ಇರುತ್ತದೆಯೇ? ತಿರುಗಿದಾಗ ಮೆಷಿನ್ನಿನ ಮುಚ್ಚಳ ಕರಗಿ ಬೆಂಕಿ ಹೊರಬಿದ್ದಿತ್ತು.

“ಪುಟ್ಟೀ!” ಹೊಗೆಯಲ್ಲೇ ನುಗ್ಗಿದಳು. ಓಡಿಬಂದ ಫಿಟ್ಟರ್ ಮೇನ್ ಸ್ವಿಚ್ ಎಳೆದು, ಬಚ್ಚಲಲ್ಲಿ ಒಗೆಯಲು ನೆನೆಹಾಕಿದ್ದ ಕಂಬಳಿ ತಂದು ಮೆಷಿನ್ನಿನ ಮೇಲೆ ಹೊದಿಸಿ ಬರಿಗೈಯಲ್ಲಿ ಅದುಮಿ ಹಿಡಿದ. ಮಗುವನ್ನು ಎದೆಗವಚಿಕೊಂಡು ಅವಳು ಕೆಮ್ಮುತ್ತಾ ಹೊರಬರುವುದಕ್ಕೂ ಅಕ್ಕ ಮೇಲೆ ಓಡಿಬರುವುದಕ್ಕೂ ಸರಿಹೋಯಿತು.

“ಹೇಗಾಯ್ತು ಇದು?”

“ಪೈಪ್ ಜಾರಿತ್ತು,” ಫಿಟ್ಟರ್ ಥಟ್ಟನೆ ಹೇಳಿದ. “ಸರಿಯಾಗಿ ಕೂರಿಸದೆ ಹೋಗಿದ್ದು ನಾನೇ.”

“ಇನ್ನೊಂದು ಸಲ ಈ ಮನೆ ಕಡೆ ಬಂದ್ರೆ ನೋಡು!” ಅಕ್ಕ ಕಿರುಚಿದಳು.

ಬೊಬ್ಬೆ ಎದ್ದ ಕೈಯಲ್ಲೇ ಅವನು ಚೀಲ ಎತ್ತಿಕೊಂಡ. ಸುಮ್ಮನಿದ್ದರೆ ಅಕ್ಕನ ಮುಂದೆ ಅವಳ ಮಾನ ಉಳಿಯುತ್ತಿತ್ತು. ಅವನು ಮಾತ್ರ ಉಳಿಯುತ್ತಿರಲಿಲ್ಲ.

“ಸುಳ್ಳು ಅಕ್ಕ. ಪೈಪ್ ಸರಿಯಾಗೇ ಇತ್ತು. ಕಂಪ್ರೆಸರ್ ಆಫ್ ಮಾಡಿದ್ದು ನಾನು.”

“ಯಾಕೆ?”

“ಇವರು ಬರೋ ಸದ್ದು ಕೇಳ್ಬೇಕು ಅಂತ.” ಮಗುವನ್ನು ಇನ್ನಷ್ಟು ಅವಚಿಕೊಂಡಳು. “ಇವರಂದ್ರೆ ನಂಗೆ ಅಷ್ಟು ಇಷ್ಟ ಅಕ್ಕ.”

ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ತಂಗಿಯ ತೋಳಿನಿಂದ ಮಗುವನ್ನು ಬಿಡಿಸಿಕೊಂಡಳು. “ಇನ್ನು ಇವಳನ್ನ ನೀನು ಮುಟ್ಟಬೇಡ,” ಎಂದು ಕೆಳಗಿಳಿದಳು.

“ಯಾಕೆ ಹೇಳಿದ್ರಿ? ನಾನು ಬೈಸಿಕೊಂಡು ಹೋಗ್ತಿದ್ನಲ್ಲ,” ಎಂದ ಫಿಟ್ಟರ್.

“ಹೋಗ್ಬಿಡ್ತಿದ್ರಿ. ಅದಕ್ಕೇ ಹೇಳಿದೆ.”

ಅವನು ಚೀಲ ಕೆಳಗಿಟ್ಟ. “ಹೋಗಲ್ಲ. ನಂಗೂ ನೀವಂದ್ರೆ ಪ್ರಾಣ. ಬಂದ ದಿನದಿಂದಲೂ.”

ಕೇಳಲು ಕಾದಿದ್ದ ಮಾತು ಅದು. ಕೆಳಗೆ ಮಗು “ಚಿಕ್ಕಮ್ಮಾ, ಚಿಕ್ಕಮ್ಮಾ” ಎಂದು ಕೂಗುತ್ತಲೇ ಇತ್ತು. ಅವಳು ಓಗೊಡುವ ಹಾಗಿರಲಿಲ್ಲ.