ಎಡಬದಿಯ ಪಟ್ಟಿಗಳು

ದೋಣಿ ರಿಪೇರಿಯ ಶೆಡ್ ಮುಚ್ಚುವ ಸುದ್ದಿಯನ್ನು ಅಣ್ಣ ಊಟದ ನಡುವೆ, ಇನ್ನೊಂದು ಲೋಟ ನೀರು ಕೇಳಿದಷ್ಟೇ ಹಗುರವಾಗಿ ಹೇಳಿದ್ದ. ಅಪ್ಪ ಎಲ್ಲವನ್ನೂ ದೊಡ್ಡ ಮಗನ ಹೆಸರಿಗೇ ಬರೆದಿದ್ದರು. ಇಪ್ಪತ್ತೆಂಟು ವರ್ಷ ದೋಣಿ ರಿಪೇರಿ ಮಾಡಿ ಕೈ ಸವೆಸಿದವನು ತಮ್ಮ. ಹಾಯಿ ಬಿಚ್ಚಿ ನೀರಿನ ಮೇಲೆ ಮೆರೆದವನು ಅಣ್ಣ. "ಬಕೆಟ್ ನೀರು ಅಲುಗಾಡಿದ್ರೂ ಇವನಿಗೆ ತಲೆ ಸುತ್ತುತ್ತೆ" ಎಂದು ತಮ್ಮನನ್ನು ತೋರಿಸಿ ನೆಂಟರನ್ನು ನಗಿಸುವುದು ಬೇರೆ. ಅಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ಅವನಿಲ್ಲದಿದ್ದರೆ ಶೆಡ್ ತಮ್ಮನದೇ.

ದಾರಿ ತೋರಿಸಿದ್ದು ಅಪ್ಪನ ಕಾಲದ ಹಾಯಿದೋಣಿ. ಅದರ ಕಂಬವನ್ನು ಎರಡೂ ಬದಿಯಿಂದ ಉಕ್ಕಿನ ತಂತಿಗಳು ಎಳೆದು ನಿಲ್ಲಿಸುತ್ತವೆ. ಆ ತಂತಿಗಳು ದೋಣಿಯ ಅಂಚಿನ ಕಬ್ಬಿಣದ ಪಟ್ಟಿಗಳನ್ನು ನಂಬಿಕೊಂಡಿರುತ್ತವೆ. ಪಟ್ಟಿ ಹಲಗೆಯನ್ನು ತೂರಿ ಒಳಗಿಳಿಯುವ ಕಡೆ ನೀರು ಕೂತು ತುಕ್ಕು ತಿನ್ನುತ್ತದೆ. ಅದು ಮೇಲಿನಿಂದಲೂ ಕಾಣದು, ಕೆಳಗಿನಿಂದಲೂ ಕಾಣದು.

ತಮ್ಮ ಬಲಬದಿಗೆ ಹೊಸ ಪಟ್ಟಿ ಹಾಕಿದ. ಎಡಬದಿಯವನ್ನು ಬಿಚ್ಚಿ, ತುಕ್ಕು ತಿಂದ ಜಾಗವನ್ನೇ ಅರದಿಂದ ಇನ್ನಷ್ಟು ಉಜ್ಜಿ, ಉಪ್ಪುನೀರು ಹಚ್ಚಿ ವಾರಗಟ್ಟಲೆ ಬಿಟ್ಟ. ಅರದ ಗುರುತು ಹೊಸ ತುಕ್ಕಿನಡಿ ಮುಚ್ಚಿಹೋಯಿತು. ಆಮೇಲೆ ಹೊರಗೆ ಕಾಣುವ ತುದಿಯನ್ನು ಕನ್ನಡಿಯಂತೆ ಹೊಳಪಿಸಿ ಮತ್ತೆ ಕೂರಿಸಿದ. ಗಾಳಿ ಹೊಡೆಯುವ ಬದಿಯ ತಂತಿಗಳ ಮೇಲೇ ಇಡೀ ಭಾರ; ಅಲ್ಲಿನ ಪಟ್ಟಿ ಮುರಿದರೆ ಕಂಬ ಉರುಳುತ್ತದೆ. ಮಧ್ಯಾಹ್ನದ ಗಾಳಿ ದೋಣಿಯ ಎಡಗೆನ್ನೆಗೆ ಬಡಿಯುವುದನ್ನು ಅವನು ಶೆಡ್ಡಿನಲ್ಲಿ ದಿನವೂ ಕಂಡವನು. ಅಣ್ಣ ಒಬ್ಬನೇ ಹೋಗುವವನು, ಲೈಫ್ ಜಾಕೆಟ್ ಮುಟ್ಟದವನು. ಯಾರಾದರೂ ಕೇಳಿದರೆ, ಎಡಬದಿಯದು ಮುಂದಿನ ವರ್ಷಕ್ಕಿರಲಿ ಎಂದು ಅಣ್ಣನೇ ಹೇಳಿದ್ದ ಎಂದರಾಯಿತು. ಅಲ್ಲವೆನ್ನಲು ಅಣ್ಣ ಇರುವುದಿಲ್ಲ.

ಭಾನುವಾರ ಅಣ್ಣ ಟಾರ್ಚ್ ಹಿಡಿದು ಬಂದ. ಎಡದ ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿದ.

"ಇದೂ ಹೊಸದೇನೋ?"

"ಹೊಸದರ ಹಾಗೇ ಇದೆ."

"ನೀನು ಹೇಳಿದ್ಮೇಲೆ ಮುಗೀತು ಬಿಡು" ಎಂದು ಅಣ್ಣ ನಕ್ಕ. ಆ ನಗುವಿನಲ್ಲಿ ಏನಾದರೂ ಇತ್ತೇ? ತಮ್ಮ ಅದನ್ನು ಮನಸ್ಸಿನಲ್ಲೇ ಹತ್ತು ಸಲ ಮಗುಚಿ ನೋಡಿದ.

ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಟೀ ಹಿಡಿದು ನಿಂತ. ಅಣ್ಣನ ದೋಣಿ ಬಂದರಿನ ತಡೆಗೋಡೆ ದಾಟಿತು, ಹಾಯಿ ಉಬ್ಬಿತು, ದೋಣಿ ವಾಲಿತು. ಕಂಬ ಮಾತ್ರ ಅಲುಗಲಿಲ್ಲ. ನೋಡನೋಡುತ್ತ ದೋಣಿ ಕೊಲ್ಲಿಯ ಎದುರು ದಡದತ್ತ ಚುಕ್ಕೆಯಾಯಿತು. ಲೋಟದ ಟೀ ಆರಿಹೋಯಿತು.

ಗಂಟೆಯ ನಂತರ ಫೋನ್ ಬಂತು. ಆಚೆ ದಡದ ಕಾಲೇಜಿನಲ್ಲಿ ಓದುವ ಮಗಳು.

"ಅಪ್ಪಾ, ದೊಡ್ಡಪ್ಪ ಕರ್ಕೊಂಡ್ಹೋಗೋಕೆ ಬಂದಿದ್ದಾರೆ. ಚುಕ್ಕಾಣಿ ನಂಗೇ ಕೊಡ್ತಾರಂತೆ."

ಅವನು ತಿರುಗಿ ಖಾಲಿ ಶೆಡ್ಡನ್ನು ನೋಡಿದ. ದೋಣಿಗಳನ್ನು ಅಲ್ಲಿಗೆ ಎಳೆದು ನಿಲ್ಲಿಸುವುದು ಯಾವಾಗಲೂ ಮೂತಿಯನ್ನು ರಸ್ತೆಯ ಕಡೆಗೆ ಮಾಡಿ. ಆಚೆ ದಡಕ್ಕೆ ಹೊರಟ ದೋಣಿಯ ಮೂತಿ ಅದಕ್ಕೆ ತಿರುವುಮುರುವು. ಅದೇ ಗಾಳಿ ಅದರ ಬಲಕ್ಕೆ, ಹೊಸ ಪಟ್ಟಿಗಳಿಗೆ ಬಡಿದಿತ್ತು. ಮನೆಯ ಕಡೆ ಮೂತಿ ಮಾಡಿ ಮರಳುವಾಗಷ್ಟೇ ಅದು ಎಡಕ್ಕೆ ಬಡಿಯುತ್ತದೆ. "ಹತ್ಬೇಡ" ಎಂದ. ಯಾಕೆಂದು ಮಗಳು ಕೇಳಿದಳು, ಅವನು ಮತ್ತೆ ಅದನ್ನೇ ಹೇಳಿದ. ಫೋನ್ ಕೈಬದಲಾಯಿತು. "ಯಾಕೋ ಹತ್ಬಾರ್ದು?" ಎಂದು ಅಣ್ಣ ಮೆಲ್ಲಗೆ ಕೇಳಿ, ಉತ್ತರಕ್ಕಾಗಿ ಕಾಯತೊಡಗಿದ.